ಪ್ರಿನ್ಸನ ಸಾವು, ಸಕ್ಕರೆಯ ಉಗ್ರಾಣ

ಲಾರೆನ್ಸ್ ಪ್ರಿನ್ಸ್ ಕಥೆಯಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲ. ಯೂಬಿಸಾಫ್ಟ್ 2013ರಲ್ಲಿ ಹೊರತಂದ ‘ಅಸಾಸಿನ್ಸ್ ಕ್ರೀಡ್ 4: ಬ್ಲ್ಯಾಕ್ ಫ್ಲ್ಯಾಗ್’ ಎಂಬ ವಿಡಿಯೋ ಗೇಮಿನಲ್ಲಿ ಅವನು ಜಮೈಕಾದ ಕಿಂಗ್‌ಸ್ಟನ್ನಿನ ಡಚ್ ಗುಲಾಮ ವ್ಯಾಪಾರಿ. ನಾಯಕನಾದ ಕಡಲ್ಗಳ್ಳ ಎಡ್ವರ್ಡ್ ಕೆನ್‌ವೇ ಅವನ ಬೆನ್ನು ಹತ್ತುತ್ತಾನೆ, ಮರೆಯಲ್ಲಿ ನಿಂತು ಅವನ ಮಾತುಗಳನ್ನು ಕೇಳುತ್ತಾನೆ, ಕೊನೆಗೆ ಅವನ ಬಂಗಲೆಯ ಆವರಣಕ್ಕೆ ನುಗ್ಗಿ ಕೊಲ್ಲುತ್ತಾನೆ. ಅಲ್ಲಿಗೆ ಅವನ ಪಾತ್ರ ಮುಗಿಯಿತು. ರಜೆಯಲ್ಲಿ ಈ ಆಟವನ್ನಾಡಿ ಗುರುಮಠಕ್ಕೆ ಮರಳಿದ ವಿದ್ಯಾರ್ಥಿಯೊಬ್ಬ, “ಫಾದರ್, ಉಳಿದವರನ್ನು ಕೊಂದಾಗ ಏನೋ ಒಂದು ಕಸಿವಿಸಿ. ಅವನನ್ನು ಕೊಂದಾಗ ಮಾತ್ರ ಏನೂ ಅನಿಸಲಿಲ್ಲ” ಎಂದ. ಪ್ರಾಮಾಣಿಕವಾದ ಮಾತು. ಅವನಿಗಾದ ಆ ನಿರಾಳತೆ ಎಲ್ಲಿಂದ ಬಂತೆಂದು ತಿಳಿಯಲು ನಾನೂ ಆ ಆಟವನ್ನಾಡಿದೆ. ನಲವತ್ತು ದಾಟಿದ ಬೆರಳುಗಳು ಹೊಸ ವಿದ್ಯೆಗೆ ಸುಲಭವಾಗಿ ಒಗ್ಗುವುದಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ಗಮನಿಸಬೇಕಾದುದು ಕೊಲೆಯ ಕಾರಣವನ್ನು. ಎಡ್ವರ್ಡ್ ಪ್ರಿನ್ಸನ ಮನೆಗೆ ಬರುವುದು ಗುಲಾಮರಿಗಾಗಿ ಅಲ್ಲ. ಅಪಾರ ಲಾಭ ತರಬಲ್ಲ ರಹಸ್ಯವೊಂದರ ದಾರಿ ಬಲ್ಲ ವ್ಯಕ್ತಿಯನ್ನು ಪ್ರಿನ್ಸ್ ಸೆರೆಯಲ್ಲಿಟ್ಟು ಮಾರಲು ಹೊರಟಿದ್ದಾನೆ. ಎಡ್ವರ್ಡನಿಗೆ ಬೇಕಾದುದು ಅವನು. ಪ್ರಿನ್ಸ್ ಸತ್ತದ್ದರಿಂದ ಜಮೈಕಾದ ಹೊಲಗಳಲ್ಲಿ ಯಾರೊಬ್ಬರೂ ಬಿಡುಗಡೆ ಹೊಂದುವುದಿಲ್ಲ. ಇದಕ್ಕಿಂತ ಕಟುವಾದುದು ಆಟದ ಇನ್ನೊಂದು ಅಂಗ. ಕೆರಿಬಿಯನ್ ದ್ವೀಪಗಳಲ್ಲಿ ಅಲ್ಲಲ್ಲಿ ಕಬ್ಬಿನ ತೋಟಗಳಿವೆ. ಆಟಗಾರನು ಕಾವಲುಗಾರನಿಂದ ಬೀಗದ ಕೈ ಕಸಿದು ಉಗ್ರಾಣವನ್ನು ತೆರೆದು ಸಕ್ಕರೆಯನ್ನೂ ರಮ್ಮನ್ನೂ ದೋಚಬೇಕು. ಮಾರಿ ಬಂದ ಹಣ ಹಡಗಿನ ಬಲವರ್ಧನೆಗೆ ನೆರವಾಗುತ್ತದೆ. ಸುತ್ತ ಬೆವರು ಸುರಿಸುವ ಗುಲಾಮರು ಆ ಹೊತ್ತಿನಲ್ಲಿ ಬರಿಯ ಹಿನ್ನೆಲೆಚಿತ್ರ. ವ್ಯಾಪಾರಿಯನ್ನು ಕೊಂದ ಕೈಯೇ ಅವನ ವ್ಯಾಪಾರದ ಫಲವನ್ನು ಹೊತ್ತೊಯ್ಯುತ್ತದೆ, ಆಟ ಅದಕ್ಕೆ ಬಹುಮಾನವನ್ನೂ ಕೊಡುತ್ತದೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಪಾಪಕ್ಕೆ ಒಂದು ಕತ್ತನ್ನು ಕೊಟ್ಟು, ಅದನ್ನು ಕತ್ತರಿಸುವ ಅವಕಾಶವನ್ನೂ ಕೊಟ್ಟು, ಉಗ್ರಾಣದ ಬಾಗಿಲನ್ನು ಮಾತ್ರ ತೆರೆದೇ ಇಟ್ಟಿದ್ದಾರೆ.

ರಚನಕಾರರು ಏನೂ ಅರಿಯದವರೆಂದಲ್ಲ. ಹಿಂದೆ ಗುಲಾಮನಾಗಿದ್ದ ಅಡೆವಾಲೆ ಎಡ್ವರ್ಡನ ಹಡಗಿನಲ್ಲಿ ಎರಡನೆಯ ಸ್ಥಾನದ ಅಧಿಕಾರಿ. ಕಥೆಯ ಅಂತಃಸಾಕ್ಷಿ ಬಹುಮಟ್ಟಿಗೆ ಅವನೇ. ಪ್ರಿನ್ಸನ ಜೊತೆ ವ್ಯವಹಾರಕ್ಕೆ ಬಂದ ಹವಾನಾದ ರಾಜ್ಯಪಾಲ ಟೊರೆಸ್ ಆಡುವ ಮಾತೂ ಅರ್ಥಗರ್ಭಿತ. ಗುಲಾಮಗಿರಿ ಅವನಿಗೂ ಹಿಡಿಸದು, ಆದರೆ ಕರುಣೆಯಿಂದಲ್ಲ. ದೇಹಕ್ಕೆ ಬೇಡಿ ತೊಡಿಸಿದರೆ ಮನಸ್ಸು ದಂಗೆಯೇಳುತ್ತದೆ, ಮನಸ್ಸನ್ನೇ ವಶಮಾಡಿಕೊಂಡರೆ ದೇಹ ತಾನಾಗಿಯೇ ಹಿಂಬಾಲಿಸುತ್ತದೆ ಎಂಬುದು ಅವನ ತರ್ಕ. ಈ ತರ್ಕಕ್ಕೆ ಪ್ರಕಟಣಾ ಗ್ರಂಥದ ಹದಿನೆಂಟನೆಯ ಅಧ್ಯಾಯವನ್ನು ಎದುರಾಗಿ ಇಟ್ಟು ನೋಡಬೇಕು. ಬಾಬಿಲೋನಿನ ಪತನಕ್ಕೆ ಅಳುವ ವರ್ತಕರ ಸರಕುಪಟ್ಟಿ ಅಲ್ಲಿದೆ. ಅದು ಚಿನ್ನದಿಂದ ಆರಂಭವಾಗಿ ದಾಲ್ಚಿನ್ನಿ, ದ್ರಾಕ್ಷಾರಸ, ಗೋಧಿ, ಕುದುರೆಗಳನ್ನು ದಾಟಿ ಮನುಷ್ಯರಲ್ಲಿ ಮುಗಿಯುತ್ತದೆ. ಗ್ರೀಕ್ ಮೂಲದಲ್ಲಿ ಯೊವಾನ್ನನು ಬಳಸುವ ‘ಸೋಮಾತಾ’ ಎಂಬ ಪದಕ್ಕೆ ದೇಹಗಳೆಂದು ಅರ್ಥ. ಸಂತೆಯ ಭಾಷೆಯಲ್ಲಿ ಗುಲಾಮರಿಗಿದ್ದ ಹೆಸರೂ ಅದೇ. ಅದರ ಬೆನ್ನಿಗೇ ಅವನು ಮನುಷ್ಯರ ಆತ್ಮಗಳೆಂಬ ಮಾತನ್ನು ಸೇರಿಸುತ್ತಾನೆ. ಟೊರೆಸ್ ಬೇರ್ಪಡಿಸುವುದನ್ನು ಯೊವಾನ್ನ ಬೇರ್ಪಡಿಸಲು ಬಿಡುವುದಿಲ್ಲ: ದೇಹವನ್ನು ಕೊಂಡವನು ಆತ್ಮಕ್ಕೂ ಲೆಕ್ಕ ಒಪ್ಪಿಸಬೇಕು. ಆ ಅಧ್ಯಾಯದಲ್ಲಿ ದಂಡನೆಗೆ ಗುರಿಯಾಗುವುದು ಒಬ್ಬ ವರ್ತಕನಲ್ಲ, ಅವನ ಸರಕಿನಿಂದ ಸುಖಪಟ್ಟ ಇಡೀ ನಗರ.

ಹಾಗೆಂದು ವ್ಯಾಪಾರಿಯ ವೈಯಕ್ತಿಕ ಅಪರಾಧವನ್ನು ಧರ್ಮಗ್ರಂಥ ಹಗುರಗೊಳಿಸುವುದೂ ಇಲ್ಲ. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಪಾಪಪಟ್ಟಿಯಲ್ಲಿ ಮನುಷ್ಯರನ್ನು ಕದ್ದು ಮಾರುವವರು ಕೊಲೆಗಡುಕರ ಸಾಲಿನಲ್ಲಿದ್ದಾರೆ. ಅಲ್ಲಿನ ಗ್ರೀಕ್ ಪದದ ಬೇರಾದ ‘ಅಂದ್ರಪೊದೊನ್’, ನಾಲ್ಕು ಕಾಲಿನ ಜಾನುವಾರನ್ನು ಸೂಚಿಸುವ ಪದದ ಅಚ್ಚಿನಲ್ಲಿ ಮನುಷ್ಯನನ್ನು ಎರಕಹೊಯ್ದ ಪದ. ವಿಶ್ವಗುರು ಎರಡನೆಯ ಜಾನ್ ಪಾಲರು 1987ರ ತಮ್ಮ ವಿಶ್ವಪತ್ರದಲ್ಲಿ ಪಾಪದ ಸಂರಚನೆಗಳನ್ನು ಕುರಿತು ಬರೆದಾಗ, ಅವುಗಳ ಬೇರು ವ್ಯಕ್ತಿಗಳ ಪಾಪದಲ್ಲಿದೆಯೆಂಬುದನ್ನೂ ಒತ್ತಿ ಹೇಳಿದರು. ಪ್ರಿನ್ಸ್ ದೋಷಿ. ದೋಷ ಅವನೊಬ್ಬನದೇ ಎಂದು ಆಟಗಾರ ಭಾವಿಸಿದರೆ ತೊಂದರೆ.

ಇತಿಹಾಸ ಹೆಚ್ಚು ನಿರ್ದಯವಾದುದು. 1717ರಲ್ಲಿ ಲಾರೆನ್ಸ್ ಪ್ರಿನ್ಸ್ ಎಂಬ ಹೆಸರಿನ ನಾಯಕನು ‘ವಿಡಾ’ ಎಂಬ ಗುಲಾಮ ಸಾಗಣೆಯ ಹಡಗನ್ನು ನಡೆಸುತ್ತಿದ್ದ. ಸಾಮ್ಯುಯೆಲ್ ಬೆಲ್ಲಮಿಯ ಕಡಲ್ಗಳ್ಳರು ಅದನ್ನು ಹಿಡಿದರು. ಮನುಷ್ಯರನ್ನು ಆಗಲೇ ಮಾರಿಯಾಗಿತ್ತು. ಹಡಗಿನಲ್ಲಿದ್ದುದು ಆ ಮಾರಾಟದ ಗಳಿಕೆ. ಬೆಲ್ಲಮಿ ಪ್ರಿನ್ಸನನ್ನು ಕೊಲ್ಲಲಿಲ್ಲ. ‘ವಿಡಾ’ವನ್ನು ತಾನಿಟ್ಟುಕೊಂಡು, ತನ್ನ ಹಳೆಯ ಹಡಗನ್ನು ಅವನಿಗೆ ಕೊಟ್ಟು ಕಳುಹಿಸಿದ. ವಾಸ್ತವದಲ್ಲಿ ದರೋಡೆಗಾರನೂ ವ್ಯಾಪಾರಿಯೂ ಬೀಳ್ಕೊಂಡದ್ದು ಹೀಗೆ.

ಆಟದಲ್ಲಿ ಕಾಣದ ಒಬ್ಬ ಮನುಷ್ಯನನ್ನು ಇಲ್ಲಿ ಹೆಸರಿಸದೆ ಮುಂದುವರಿದರೆ ನಾನು ಗುರುವಾಗಿ ಅಪ್ರಾಮಾಣಿಕನಾಗುತ್ತೇನೆ. ಡೊಮಿನಿಕನ್ ಸಭೆಯ ಗುರು ಜಾನ್ ಬಾತಿಸ್ತ್ ಲಬಾ 1694ರಲ್ಲಿ ಇದೇ ಕಡಲಿನ ಮಾರ್ಟಿನೀಕ್ ದ್ವೀಪಕ್ಕೆ ಬಂದರು. ತಮ್ಮ ಸಭೆಗೆ ಸೇರಿದ ಕಬ್ಬಿನ ತೋಟವನ್ನು ಗುಲಾಮರ ದುಡಿಮೆಯಿಂದ ಲಾಭಕ್ಕೆ ತಂದರು, ಸಕ್ಕರೆ ತಯಾರಿಕೆಯನ್ನು ಸುಧಾರಿಸಿದರು. ಆಟದ ಕಥೆ ಕೊನೆಗೊಳ್ಳುವ 1722ರಲ್ಲಿಯೇ ಅವರ ಪ್ರವಾಸ ಗ್ರಂಥ ಪ್ರಕಟವಾಯಿತು. ಮಾಟ ಮಾಡಿದನೆಂದು ಒಬ್ಬ ಗುಲಾಮನಿಗೆ ಸುಮಾರು 300 ಚಾಟಿಯೇಟು ಕೊಡಿಸಿದ್ದನ್ನು ಅದರಲ್ಲಿ ಅವರೇ, ಯಾವ ಅಳುಕೂ ಇಲ್ಲದೆ, ಬರೆದುಕೊಂಡಿದ್ದಾರೆ. ಅದೇ ಕೈಗಳು ಬಲಿಪೂಜೆಯನ್ನೂ ಅರ್ಪಿಸುತ್ತಿದ್ದವು. ಪ್ರಿನ್ಸನನ್ನು ಖಳನನ್ನಾಗಿಸುವುದು ಸುಲಭ, ಲಬಾ ನಮ್ಮವರು. ಹಳಿಯಾಳ, ಯಲ್ಲಾಪುರಗಳ ಸಿದ್ದಿ ಕಥೋಲಿಕರ ನಡುವೆ ಸೇವೆಗೆ ಹೋಗಲಿರುವ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕಾದಿಂದ ಗೋವೆಗೆ ಬಂದಿಳಿದ ಗುಲಾಮರ ಒಡೆಯರಲ್ಲಿ ದೀಕ್ಷಾಸ್ನಾನ ಪಡೆದವರೂ ಇದ್ದರೆಂಬುದು ಅವರಿಗೆ ತಿಳಿದಿರಲಿ.

ಅಡೆವಾಲೆಯನ್ನೇ ನಾಯಕನನ್ನಾಗಿಸಿ ಅದೇ ವರ್ಷ ಬಂದ ಉಪಕಥೆ ‘ಫ್ರೀಡಮ್ ಕ್ರೈ’ ಈ ಕೊರತೆಯನ್ನು ಅರಿತಂತಿದೆ. ಇಲ್ಲಿ ಗುಲಾಮರನ್ನು ಬಿಡಿಸುವುದೇ ಕಾರ್ಯ. ಆದರೂ ಬಿಡುಗಡೆಯಾದವರ ಸಂಖ್ಯೆ ಏರಿದಂತೆ ಹೊಸ ಆಯುಧಗಳು ದಕ್ಕುತ್ತವೆ, ಮನುಷ್ಯರು ಮತ್ತೆ ಎಣಿಕೆಯ ಸರಕಾಗುತ್ತಾರೆ. ಒಂದು ದೃಶ್ಯ ಮಾತ್ರ ಇದನ್ನು ಮೀರಿದೆ. ಗುಲಾಮರಿರುವ ಹಡಗೊಂದು ಮುಳುಗುತ್ತಿದೆ. ಅಡೆವಾಲೆ ಅದರ ಒಡಲಿಗೆ ಇಳಿಯುತ್ತಾನೆ. ನೀರು ಏರುತ್ತದೆ, ಸರಪಣಿಯಲ್ಲಿರುವವರು ಕೂಗುತ್ತಾರೆ. ಎಷ್ಟೇ ಚುರುಕಾಗಿ ಗುಂಡಿ ಒತ್ತಿದರೂ ಎಲ್ಲರನ್ನೂ ಉಳಿಸಲಾಗದು. ಅಲ್ಲಿ ಕೊಂದು ಹಗುರಾಗಲು ಯಾವ ಪ್ರಿನ್ಸನೂ ಕೈಗೆ ಸಿಗುವುದಿಲ್ಲ. ನಮ್ಮ ವಿದ್ಯಾರ್ಥಿ ಈ ಭಾಗವನ್ನು ಇನ್ನೂ ಆಡಿಲ್ಲವಂತೆ. ಮುಂದಿನ ರಜೆಯಲ್ಲಿ ಆಡಿ ಬಂದು ಹೇಳು ಎಂದಿದ್ದೇನೆ.