ಶರೀಫರ ಪದಗಳ ಹೊರಗರ್ಥ

ಜನಪ್ರಿಯವಾದ ಹಾಡೊಂದು ತನ್ನ ಕಾಲವನ್ನು ದಾಟಿ ಬಾಳುವುದು ಏತರಿಂದ? ಶಿಶುನಾಳ ಶರೀಫ ಸಾಹೇಬರ (1819–1889) ತತ್ತ್ವಪದಗಳ ವಿಷಯದಲ್ಲಿ ನಮ್ಮ ವ್ಯಾಖ್ಯಾನಕಾರರು ಕೊಡುವ ಉತ್ತರ ಒಂದೇ: ಅವುಗಳಲ್ಲಿ ಅಡಗಿರುವ ಗೂಢಾರ್ಥ. ಇದು ಅರ್ಧಸತ್ಯವೆಂದು ನಮಗೆ ತೋರುತ್ತದೆ. ಗೂಢಾರ್ಥವೇ ಬಾಳಿಕೆಗೆ ಕಾರಣವಾಗಿದ್ದರೆ, ಅದೇ ತತ್ತ್ವವನ್ನು ನೇರವಾಗಿ ಸಾರಿದ ಎಷ್ಟೋ ಪದಗಳು ಜನರ ನಾಲಗೆಯ ಮೇಲೆ ಉಳಿಯಬೇಕಾಗಿತ್ತು. ಹಾಗಾಗಿಲ್ಲ.

ಸೋರುವ ಮಾಳಿಗೆಯನ್ನು ಕುರಿತ ಅವರ ಪದವನ್ನೇ ತೆಗೆದುಕೊಳ್ಳೋಣ. ಮೈಸೂರು ಸೀಮೆಯ ಓದುಗನಿಗೆ ಮಾಳಿಗೆಯೆಂದರೆ ಮಹಡಿ, ಸಿರಿವಂತಿಕೆಯ ಕುರುಹು. ಧಾರವಾಡ ಸೀಮೆಯಲ್ಲಾದರೋ ಅದು ತೊಲೆ-ಜಂತೆಗಳ ಮೇಲೆ ಮಣ್ಣು ಹಾಸಿ ಗಟ್ಟಿಸಿದ ಮಟ್ಟಸವಾದ ಛಾವಣಿ. ಬೇಸಗೆಯಲ್ಲಿ ಅದರ ಬಿರುಕು ಮುಚ್ಚದವನು ಮಳೆಗಾಲದ ನಡುರಾತ್ರಿಯಲ್ಲಿ ಜಾರುವ ಮಣ್ಣನ್ನು ತುಳಿಯುತ್ತ ತೂತನ್ನು ಹುಡುಕಬೇಕು. ಕೆಳಗೆ ನೀರು ತೊಟ್ಟಿಕ್ಕುವ ಜಾಗ ಒಂದಾದರೆ ಮೇಲೆ ಬಿರುಕಿರುವ ಜಾಗ ಇನ್ನೊಂದು! ಈ ಕಷ್ಟವನ್ನುಂಡ ಮನೆಯೊಡತಿಗೆ ಆ ಪದದ ಅಳಲನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಞಾನದ ಮಾತನ್ನು ಶರೀಫರೇ ಪಲ್ಲವಿಯಲ್ಲಿ ಒಮ್ಮೆ ಆಡಿದ್ದಾರೆ, ಅಷ್ಟು ಸಾಕು. ಅದರ ಮೇಲೆ ತೊಲೆಗೊಂದು, ಜಂತೆಗೊಂದು ತತ್ತ್ವವನ್ನು ಗಂಟುಹಾಕುತ್ತ ಹೋದರೆ ಮಳೆಯೇ ನಿಂತುಹೋಗುತ್ತದೆ.

ಈ ಅಭ್ಯಾಸ ನಮಗೆ ಬಂದುದು ಬೆಡಗಿನ ವಚನಗಳ ಟೀಕೆಗಳಿಂದ. ಅಲ್ಲಿ ಅದು ಸಲ್ಲುತ್ತದೆ. ಅಲ್ಲಮಪ್ರಭುವಿನ ಬೆಡಗು ಕೇಳುವವನನ್ನು ತಡೆದು ನಿಲ್ಲಿಸುವಂಥದು, ಟೀಕೆಯಿಲ್ಲದೆ ಮುಂದಡಿಯಿಡುವುದು ಕಷ್ಟ. ಶರೀಫರದು ಬೇರೆಯ ಬಗೆ. ಕೋಡಗವನ್ನು ಕೋಳಿ ನುಂಗುವ ಪದವನ್ನು ಕೇಳಿ ಮಗು ನಗುತ್ತದೆ, ಸಾಧಕ ತಲೆದೂಗುತ್ತಾನೆ. ಮಗುವಿನ ನಗು ಕಡಿಮೆಯ ಅರ್ಥವೆಂದು ನಾವು ಒಪ್ಪಲಾರೆವು. ಗೋವಿಂದಭಟ್ಟರ ಶಿಷ್ಯರಾಗುವ ಮೊದಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವರು ಅವರು.

ಭಜನೆಯ ಮೇಳಗಳಲ್ಲಿದ್ದ ಈ ಪದಗಳನ್ನು ಸಿ. ಅಶ್ವತ್ಥ್ (1939–2009) ಅವರ ಕಂಠವೂ ಟಿ. ಎಸ್. ನಾಗಾಭರಣರ 1990ರ ಚಲನಚಿತ್ರವೂ ನಾಡಿನ ಉದ್ದಗಲಕ್ಕೆ ಮುಟ್ಟಿಸಿದುವು. ಇದು ದೊಡ್ಡ ಲಾಭ. ಆದರೆ ಭಜನೆಯಲ್ಲಿ ಒಬ್ಬನು ನುಡಿದುದನ್ನು ಮೇಳವೆಲ್ಲ ಎತ್ತಿಕೊಳ್ಳುತ್ತಿತ್ತು. ಧ್ವನಿಮುದ್ರಣದ ಮುಂದೆ ನಾವು ಬರಿಯ ಕೇಳುಗರು. ಮಣ್ಣಿನ ಮಾಳಿಗೆಗಳೂ ವಿರಳವಾಗುತ್ತಿವೆ. ಆದುದರಿಂದ ಇನ್ನು ಮುಂದೆ ಈ ಪದಗಳನ್ನು ಸಂಪಾದಿಸುವವರು ಮಾಳಿಗೆಯೆಂದರೆ ದೇಹವೆಂದು ಟಿಪ್ಪಣಿ ಬರೆಯುವ ಮುನ್ನ, ಅದನ್ನು ಹೇಗೆ ಕಟ್ಟುತ್ತಿದ್ದರು, ಯಾವಾಗ ಸೋರುತ್ತಿತ್ತು ಎಂಬುದನ್ನು ನಾಲ್ಕು ಸಾಲು ಬರೆಯಲಿ.