ಕೊನೆಯ ದರ್ಜೆಯ ನೀರು

ಬೆಂಗಳೂರಿನ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ವೃಷಭಾವತಿ ಹೊಳೆ ಕೆಂಗೇರಿ, ಬಿಡದಿಗಳನ್ನು ಹಾದು ಬೈರಮಂಗಲ ಕೆರೆಗೆ ಇಳಿದು, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಈ ನೀರನ್ನು ಯಾರೂ ಪರೀಕ್ಷಿಸುವುದಿಲ್ಲ ಎಂಬ ದೂರು ನಿಜವಲ್ಲ. ಮಾದರಿ ಎತ್ತುತ್ತಾರೆ, ದರ್ಜೆಯನ್ನೂ ಕೊಡುತ್ತಾರೆ. ನನ್ನ ತಕರಾರು ಆ ದರ್ಜೆಯ ಬಗೆಗೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಎ ಯಿಂದ ಇ ವರೆಗೆ ಐದು ಮೆಟ್ಟಿಲುಗಳಿವೆ. ಸ್ನಾನಕ್ಕೆ ಯೋಗ್ಯವಾದ ಬಿ ದರ್ಜೆಗೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು, ಬಿಓಡಿ, ಅಂದರೆ ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, 3 ಮಿಲಿಗ್ರಾಂ ಮೀರಬಾರದು. ಈ ನೀರಿಗೆ ಸಿಗುವ ಕೊನೆಯ ಇ ದರ್ಜೆಗೆ ಬಂದರೆ ನೋಡುವುದು ಪಿಎಚ್, ವಿದ್ಯುತ್ ವಾಹಕತೆ, ಸೋಡಿಯಂ ಅನುಪಾತ ಮತ್ತು ಬೋರಾನ್ ಮಾತ್ರ. ಬಿಓಡಿ ಇಲ್ಲ, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಲ್ಲ, ಕ್ರೋಮಿಯಂ, ಸೀಸಗಳ ಸುದ್ದಿಯೇ ಇಲ್ಲ. ನೀರಾವರಿಯನ್ನೂ ನಿಯಂತ್ರಿತ ತ್ಯಾಜ್ಯ ವಿಲೇವಾರಿಯನ್ನೂ ಒಂದೇ ಮೆಟ್ಟಿಲಲ್ಲಿ ಕೂರಿಸಿರುವುದು ನನಗೆ ಅತ್ಯಂತ ಆತಂಕದ ಸಂಗತಿ. ಮಣ್ಣು ಉಪ್ಪಾದೀತೇ ಎಂದು ಕೇಳುವ ಈ ದರ್ಜೆ, ಬರಿಗಾಲಲ್ಲಿ ಗದ್ದೆಗಿಳಿದು ನೀರು ಕಟ್ಟುವವರ ಚರ್ಮಕ್ಕೇನಾದೀತು, ಆ ನೀರಿನ ಮೇವು ತಿಂದ ಹಸುವಿನ ಹಾಲಿಗೇನಾದೀತು ಎಂದು ಕೇಳುವುದಿಲ್ಲ.

ಮಾದರಿ ಎತ್ತುವ ಬಗೆಗೂ ನನ್ನ ತಕರಾರಿದೆ. ಒಂದೇ ಜಾಗದಲ್ಲಿ ತಿಂಗಳಿಗೊಮ್ಮೆ ಎತ್ತಿದ ಮಾದರಿಯಿಂದ ವರ್ಷವರ್ಷದ ಏರಿಳಿತ ತಿಳಿಯುತ್ತದೆ, ಅದನ್ನು ಕೆಡಿಸಬಾರದು ಎನ್ನುವವರಿದ್ದಾರೆ. ಅವರ ಮಾತು ಸರಿ. ಆದರೆ ಏರಿಳಿತ ತಿಳಿದ ಮಾತ್ರಕ್ಕೆ ಕಾರಣ ತಿಳಿಯುವುದಿಲ್ಲ. ಕಾರ್ಖಾನೆಯ ನೀರು ಗಡಿಯಾರ ನೋಡಿ ಹರಿಯುವುದಿಲ್ಲ. ಹಗಲು ತುಂಬಿದ ಒಂದು ಬಾಟಲಿಗೆ ರಾತ್ರಿ ಬಿಟ್ಟದ್ದು ಸಿಗದೆ ಹೋಗಬಹುದು, ಮೊದಲ ಮಳೆ ಬೀದಿಗಳಿಂದ ಕೊಚ್ಚಿ ತಂದದ್ದೂ ತಪ್ಪಿಹೋಗಬಹುದು. ಜಲಾನಯನ ಎಂದರೆ ಭೂಪಟದ ಏರುತಗ್ಗು ಎಂದುಕೊಂಡಿರುವುದೂ ಇಲ್ಲಿ ಸಾಲದು. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿ, ಮನೆಗಳ ಅಡುಗೆಕೋಣೆ, ಬಚ್ಚಲುಗಳನ್ನು ದಾಟಿ ಬೇಸಿಗೆಯಲ್ಲೂ ಈ ಹೊಳೆಯನ್ನು ತುಂಬುತ್ತದೆ. ಆದ್ದರಿಂದ ಮಾದರಿ ಎತ್ತಬೇಕಾದದ್ದು ಸೇತುವೆಯ ಕೆಳಗಷ್ಟೇ ಅಲ್ಲ, ಒಂದೊಂದು ರಾಜಕಾಲುವೆ ಬಂದು ಸೇರುವ ಬಾಯಲ್ಲಿ.

ಹೊಳೆಯ ತಳದ ಹುಳುಗಳನ್ನು ಎಣಿಸುವ ಜೈವಿಕ ಪರೀಕ್ಷೆಯೇ ಲೇಸೆಂಬ ವಾದವೂ ಇದೆ. ಮಂಡಳಿಯ ಬಳಿ ಅದಕ್ಕೂ ಮಾನದಂಡಗಳಿವೆ. ಒಂದು ದಿನದ ನೀರು ಮರೆಮಾಚಿದ್ದನ್ನು ತಿಂಗಳುಗಟ್ಟಲೆ ಅಲ್ಲೇ ಬೆಳೆದ ಮರಿಹುಳು ಹೇಳುತ್ತದೆ. ಮಲೆನಾಡಿನ ತೊರೆಗೆ ನಾನೂ ಅದನ್ನೇ ಆರಿಸುತ್ತೇನೆ. ಆಮ್ಲಜನಕವೇ ಉಳಿಯದ ಕೊಳಚೆಯಲ್ಲಿ ಮಾತ್ರ ಎಣಿಸಲು ಏನೂ ಸಿಗದು. ಇಲ್ಲಿ ಮೊದಲು ಆಗಬೇಕಾದದ್ದು ಇ ದರ್ಜೆಯ ತಿದ್ದುಪಡಿ: ರೋಗಾಣು ಮತ್ತು ಲೋಹಗಳ ಮಿತಿ ಅದರೊಳಗೆ ಬರಬೇಕು, ಫಲಿತಾಂಶವನ್ನು ಬೈರಮಂಗಲದ ತೂಬಿನ ಬಳಿ ಕನ್ನಡದಲ್ಲಿ ಬರೆದು ಹಾಕಬೇಕು.