ಹೆತ್ತವರ ಮೇಲೊಂದು ಆರೋಪಪಟ್ಟಿ

ಭಾನುವಾರದ ಹಳೆಯ ಪುಸ್ತಕಗಳ ಸಂತೆ ದರಿಯಾಗಂಜಿನ ಕಾಲುಹಾದಿಯ ಮೇಲೆಯೇ ನಡೆಯುತ್ತಿದ್ದ ಕಾಲದಲ್ಲಿ, ಎಂದರೆ 2019ಕ್ಕೆ ಮೊದಲು, ನಾವು ಕೊಂಡು ತಂದ ಪುಸ್ತಕ ಬ್ರೂನೋ ಬೆಟೆಲ್‌ಹೈಮರ 'ದಿ ಎಂಪ್ಟಿ ಫೋರ್ಟ್ರೆಸ್'. 1967ರ ಪ್ರಕಟಣೆ, ಆಟಿಸಂ ಇರುವ ಮಕ್ಕಳನ್ನು ಕುರಿತದ್ದು. ನಮ್ಮ ಮಗನಿಗೂ ಅದೇ ಎಂದು ಆಗಷ್ಟೇ ತಿಳಿದಿತ್ತು. ಆದ್ದರಿಂದ ಈ ವಿಮರ್ಶೆ ನಿಷ್ಪಕ್ಷಪಾತವೆಂದು ಓದುಗರು ಭಾವಿಸಬೇಕಾಗಿಲ್ಲ.

ಬರವಣಿಗೆ ಸೊಗಸಾಗಿದೆ, ಒಪ್ಪಬೇಕು. ತಾನು ಯಂತ್ರಬಲದಿಂದ ನಡೆಯುವವನೆಂದು ನಂಬಿ, ಊಟಕ್ಕೆ ಮುನ್ನ ಇಲ್ಲದ ತಂತಿಯನ್ನು ಜೋಡಿಸಿಕೊಳ್ಳುವ ಹುಡುಗ ಜೋಯಿಯನ್ನು ಓದಿದವರು ಮರೆಯಲಾರರು. ಅಪಾಯವಿರುವುದೂ ಅಲ್ಲಿಯೇ. ಕಥೆ ಹಿಡಿದಿಟ್ಟಷ್ಟೂ ಪುರಾವೆ ಕೇಳುವುದನ್ನು ಮರೆಯುತ್ತೇವೆ. ಈ ಮಗು ಇಲ್ಲದಿದ್ದರೇ ಚೆನ್ನಾಗಿತ್ತೆಂಬ ಹೆತ್ತವರ ಒಳಬಯಕೆಯಿಂದಲೇ ಮಗು ತನ್ನೊಳಗೆ ಅಡಗುತ್ತದೆಂಬುದು ಗ್ರಂಥಕರ್ತರ ವಾದ. ನಾಜಿ ಶಿಬಿರಗಳಲ್ಲಿ ಸ್ವತಃ ಸೆರೆಯಿದ್ದ ಅವರು ಈ ಮಕ್ಕಳನ್ನು ಅಲ್ಲಿನ ಕೈದಿಗಳಿಗೆ ಹೋಲಿಸುತ್ತಾರೆ. ಹಾಗಾದರೆ ಕಾವಲುಗಾರರು ಯಾರು? ತಾಯಿತಂದೆ!

ಬಿ.ಎಸ್‌ಸಿ. ಮಟ್ಟದ ನಮ್ಮ ವಿಜ್ಞಾನಕ್ಕೂ ಇಲ್ಲಿನ ಲೋಪ ಕಾಣುತ್ತದೆ. ಕರೆದರೆ ತಿರುಗಿ ನೋಡದ ಮಗುವಿನೆದುರು ಮೂರು ವರ್ಷ ಕಳೆದ ತಾಯಿ ಬಳಲಿ ಮಂಕಾಗಿರುತ್ತಾಳೆ. ಆ ಮಂಕನ್ನೇ ಕಾರಣವೆಂದರೆ ಹೇಗೆ? ಅದೇ ತಾಯಿ ಸಾಕಿದ ಉಳಿದ ಮಕ್ಕಳು ಚೆನ್ನಾಗಿರುವುದು ಹೇಗೆ? ಇವನ್ನೆಲ್ಲ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿಯೇ ಎತ್ತಿದ್ದರು; ಅವರೂ ಇಂಥ ಮಗನ ತಂದೆ. ಮುಂದೆ 1977ರಲ್ಲಿ ಅವಳಿ ಮಕ್ಕಳ ಮೇಲೆ ಫೋಲ್‌ಸ್ಟೀನ್ ಮತ್ತು ರಟರ್ ನಡೆಸಿದ ಅಧ್ಯಯನ ಆನುವಂಶಿಕತೆಯತ್ತ ಬೊಟ್ಟುಮಾಡಿತು.

ಹಳೆಯ ಪುಸ್ತಕಕ್ಕೆ ಈಗೇಕೆ ಇಷ್ಟು ಮಾತು ಎನ್ನಬಹುದು. ಬೆಟೆಲ್‌ಹೈಮರ ಹೆಸರನ್ನೇ ಕೇಳದ ನೆಂಟರೊಬ್ಬರು ನಮ್ಮ ಮನೆಗೆ ಬಂದು, "ನೀನು ಆಫೀಸಿಗೆ ಹೋಗ್ತಿದ್ದೆಯಲ್ಲಮ್ಮ, ಅದಕ್ಕೇ ಹೀಗಾಯ್ತು" ಎಂದು ಹೇಳಿ, ಕಾಫಿ ಕುಡಿದು ಹೋದರು. ಮೂವತ್ತು ಮೈಲಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನಮ್ಮ ಆಫೀಸಿನ ಮಾತನ್ನು ಯಾರೂ ಎತ್ತಲಿಲ್ಲ. ಆ ರಾತ್ರಿ ನಮ್ಮಾಕೆ ಬಸುರಿನ ಒಂಬತ್ತು ತಿಂಗಳನ್ನೂ ಒಂದೊಂದಾಗಿ ನೆನೆದು, ಎಲ್ಲಿ ತಪ್ಪಿದೆನೆಂದು ಹುಡುಕುತ್ತ ಕೂತಳು. ಪುಸ್ತಕವನ್ನು ನಾವು ಪೆಟ್ಟಿಗೆಯ ತಳಕ್ಕೆ ಹಾಕಿದೆವು.

ಅಂಗವಿಕಲ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ನೌಕರರಿಗೆ ಸರದಿ ವರ್ಗಾವಣೆಯಿಂದ ವಿನಾಯಿತಿ ಕೊಡಬಹುದೆಂಬ 2014ರ ಆದೇಶವೊಂದಿದೆ. ಅದರ ಭಾಷೆಯಲ್ಲಿ ಯಾವ ಸೊಗಸೂ ಇಲ್ಲ. ಆದರೆ ಅದು ಹೆತ್ತವರನ್ನು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ಇವರಿಗೆ ನೆರವು ಬೇಕು ಎನ್ನುತ್ತದೆ. ವರ್ಷಗಟ್ಟಲೆ ಸುತ್ತೋಲೆಗಳನ್ನು ಕಡತಕ್ಕೆ ಸೇರಿಸಿದ ನಮಗೆ, ಒಂದನ್ನು ಓದಿ ಗಂಟಲು ಕಟ್ಟಿದ್ದು ಆಗೊಮ್ಮೆ ಮಾತ್ರ.